ಬಾತಿನ ರಕ್ತ, ಬ್ಯಾಕ್ಟೀರಿಯಾದ ಉಂಡೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ನವೆಂಬರಿನಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಚೆಲುವಿನ ಬಗ್ಗೆ ನಮ್ಮ ಕಡೆ ಬೇಕಾದಷ್ಟು ಮಾತಾಗಿದೆ. ಬಿಳಿ ತಲೆಯ ಹಿಂಬದಿಗೆ ಅಡ್ಡ ಎಳೆದ ಎರಡು ಕಪ್ಪು ಪಟ್ಟಿ, ಬೂದು ಮೈ, ಕಿತ್ತಳೆ ಬಣ್ಣದ ಕಾಲು, ಮೂಗಿನಿಂದ ಹೊರಡುವ ಆ ದಪ್ಪ ದನಿ, ಇವನ್ನೆಲ್ಲ ಶಿರಹಟ್ಟಿ, ಲಕ್ಷ್ಮೇಶ್ವರದ ಸಾಲಿ ಹುಡುಗರೂ ಬಲ್ಲರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ ಎಂಬುದೂ ಅವರಿಗೆ ಗೊತ್ತು. 130 ಎಕರೆಯ ಆಸುಪಾಸಿನ ಈ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದ ಮೇಲೆ ಕ್ಯಾಮೆರಾ ಹಿಡಿದು ಬರುವವರೂ ಹೆಚ್ಚಾದರು. ಇರಲಿ, ನೋಡಬೇಕಾದ ಹಕ್ಕಿಯೇ ಅದು. ಆದರೆ ಅದರ ಮೈಯಲ್ಲಿ ಎಲ್ಲಕ್ಕಿಂತ ಚೆಂದದ ಜಾಗ ಯಾವುದು ಎಂದು ನನ್ನನ್ನು ಕೇಳಿದರೆ, ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯ 119ನೆಯ ಜಾಗ ಎಂದೇ ಹೇಳುತ್ತೇನೆ. ಎಂಥ ದುರ್ಬೀನಿಗೂ ಅದು ಕಾಣುವುದಿಲ್ಲ. ಅದು ಕಂಡದ್ದು ಬೇರೊಂದು ದಾರಿಯಿಂದ, ಬ್ಯಾಕ್ಟೀರಿಯಾದ ಹೊಟ್ಟೆಯೊಳಗೆ ಗಂಟುಬಿದ್ದ ಪ್ರೋಟೀನನ್ನು ಬಿಡಿಸಿ ಮತ್ತೆ ಮಡಚುವ ದಾರಿಯಿಂದ. ನಾನು ಲ್ಯಾಬಿನಲ್ಲಿ ಮಾಡುವ ಕೆಲಸವೂ ಅದೇ ಜಾತಿಯದು. ಹಾಗಾಗಿ ನಮ್ಮೂರ ಕೆರೆಯ ಹಕ್ಕಿ ಮತ್ತು ನನ್ನ ಕಸುಬು ಎರಡೂ ಸೇರುವ ಈ ಕಥೆಯನ್ನು ಸಾವಕಾಶವಾಗಿ ಹೇಳುವ ಆಸೆ.

ಹಿಮೋಗ್ಲೋಬಿನ್ ಎಂದರೆ ನಾಲ್ಕು ಸರಪಳಿಗಳ ಕೂಟ. ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದಲ್ಲಿ 141 ಅಮೈನೋ ಆಮ್ಲಗಳು, ಬೀಟಾದಲ್ಲಿ 146. ಪ್ರತಿ ಸರಪಳಿಯ ಮಡಿಕೆಯಲ್ಲಿ ಒಂದೊಂದು ಹೀಮ್ ಕೂತಿರುತ್ತದೆ, ಹೀಮಿನ ನಡುವೆ ಒಂದು ಕಬ್ಬಿಣದ ಪರಮಾಣು. ಮಾಗಡಿಯಿಂದ ಪೂರ್ವಕ್ಕೆ ಕಣ್ಣು ಹಾಯಿಸಿದರೆ ಕಾಣುವ ಕಪ್ಪತಗುಡ್ಡದ ಮಣ್ಣನ್ನು ಕೆಂಪಾಗಿಸಿದ್ದೂ, ರಕ್ತ ಆಮ್ಲಜನಕವನ್ನು ಹಿಡಿಯುವಂತೆ ಮಾಡಿದ್ದೂ ಇದೇ ಕಬ್ಬಿಣ. ಪಟ್ಟೆತಲೆ ಬಾತಿಗೆ ಒಬ್ಬ ಹತ್ತಿರದ ದಾಯಾದಿ ಇದ್ದಾನೆ, ಬೂದು ಹೆಬ್ಬಾತು. ಅದು ಇಷ್ಟೊಂದು ಎತ್ತರಕ್ಕೆ ಏರುವ ಹಕ್ಕಿಯಲ್ಲ. ಇವೆರಡರ ಹಿಮೋಗ್ಲೋಬಿನ್ನನ್ನು, ಒಂದೊಂದು ಅಮೈನೋ ಆಮ್ಲವನ್ನೂ ಒಂದೊಂದು ಅಕ್ಷರವೆಂದು ಹಿಡಿದು, ಹೋಲಿಸಿದಾಗ ಸಿಕ್ಕ ವ್ಯತ್ಯಾಸ ನಾಲ್ಕೇ ನಾಲ್ಕು. ಆಲ್ಫಾದಲ್ಲಿ ಮೂರು, ಬೀಟಾದಲ್ಲಿ ಒಂದು. ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತಲೂ ಕಡಿಮೆ. ಅಂಥ ಗಾಳಿಯಲ್ಲಿ ರೆಕ್ಕೆ ಬಡಿಯುವ ಕಸುವಿಗೆ ಈ ನಾಲ್ಕರಲ್ಲಿ ಯಾವುದು ಕಾರಣ?

1983ರಲ್ಲಿ ಮ್ಯಾಕ್ಸ್ ಪೆರುಟ್ಜ್ ಇದಕ್ಕೊಂದು ಉತ್ತರ ಮುಂದಿಟ್ಟರು. ವಿಯೆನ್ನಾದಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ನೆಲೆನಿಂತ ಈ ಮನುಷ್ಯ ಆಯುಷ್ಯದ ಬಹುಭಾಗವನ್ನು ಹಿಮೋಗ್ಲೋಬಿನ್ ಒಂದಕ್ಕೇ ಕೊಟ್ಟವರು, 1962ರಲ್ಲಿ ನೊಬೆಲ್ ಪಡೆದವರು. ಬೇರೆ ಹಕ್ಕಿಗಳಲ್ಲಿ ಆಲ್ಫಾದ 119ನೆಯ ಜಾಗದಲ್ಲಿ ಪ್ರೋಲೀನ್ ಇರುತ್ತದೆ. ಅದು ಪಕ್ಕದ ಬೀಟಾ ಸರಪಳಿಯ 55ನೆಯ ಜಾಗಕ್ಕೆ ತಾಗಿಕೊಂಡಿರುತ್ತದೆ. ಪಟ್ಟೆತಲೆ ಬಾತಿನಲ್ಲಿ ಅಲ್ಲಿ ಅಲನೀನ್ ಇದೆ, ಪ್ರೋಲೀನಿಗಿಂತ ಗಿಡ್ಡದು. ಎರಡು ಇಂಗಾಲದಷ್ಟು ಜಾಗ ಅಲ್ಲಿ ಖಾಲಿ ಉಳಿಯಿತು. ಆಮ್ಲಜನಕ ಇಲ್ಲದಾಗ ಹಿಮೋಗ್ಲೋಬಿನ್ ಬಿಗಿದುಕೊಂಡಿರುತ್ತದೆ. ಈ ಪುಟ್ಟ ಖಾಲಿ ಜಾಗದಿಂದ ಆ ಬಿಗಿತ ಸಡಿಲಾಗಿ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬೇಗ ಹಿಡಿಯುತ್ತದೆ ಎಂಬುದು ಪೆರುಟ್ಜ್ ಅವರ ತರ್ಕ. ಎರಡು ಇಂಗಾಲದ ಸಂದಿಯಿಂದ ಹಿಮಾಲಯ ದಾಟುವ ಮಾತು! ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ.

ತರ್ಕ ಎಷ್ಟೇ ಚೆಂದವಿದ್ದರೂ ಕೈಗೆ ಸಿಕ್ಕಬೇಕಲ್ಲ. ಬಾತಿನ ರಕ್ತದಲ್ಲಿ ನಾಲ್ಕೂ ಬದಲಾವಣೆ ಒಟ್ಟಿಗೇ ಇವೆ. 119ನೆಯದನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಇಟ್ಟು ನೋಡಿದರಷ್ಟೇ ಅದು ಸಾಬೀತಾಗುವುದು. ಅಂಥ ಹಿಮೋಗ್ಲೋಬಿನ್ ಹೊತ್ತ ಪ್ರಾಣಿಯನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು? ಮಾಡಿಯೇ ತೀರಬೇಕು. ಮಾಡಿಕೊಡುವ ಆಳು ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ ಬ್ಯಾಕ್ಟೀರಿಯಾ. ಬೇಕಾದ ಜೀನನ್ನು ಒಳಗೆ ತೂರಿಸಿ, ಬೆಚ್ಚಗಿಟ್ಟು, ಅನ್ನ ಹಾಕಿದರೆ ಒಂದೇ ರಾತ್ರಿಯಲ್ಲಿ ರಾಶಿಗಟ್ಟಲೆ ಪ್ರೋಟೀನ್ ಮಾಡಿಡುತ್ತದೆ.

ಅದರ ಅವಸರವೇ ತೊಡಕು. ಸರಪಳಿ ಒಂದರ ಹಿಂದೊಂದು ಎಷ್ಟು ಭರದಿಂದ ಹೊರಬೀಳುತ್ತದೆಂದರೆ, ತನ್ನಷ್ಟಕ್ಕೆ ಮಡಚಿಕೊಳ್ಳಲು ಯಾವುದಕ್ಕೂ ಪುರುಸೊತ್ತಿಲ್ಲ. ಪ್ರೋಟೀನಿನಲ್ಲಿ ನೀರು ಕಂಡರಾಗದ ಜಿಡ್ಡಿನ ಭಾಗಗಳಿರುತ್ತವೆ. ಸರಿಯಾಗಿ ಮಡಚಿದಾಗ ಅವು ಒಳಗೆ ಅಡಗುತ್ತವೆ. ಮಡಚದೆ ಉಳಿದರೆ ಹೊರಗೆ ತೆರೆದುಕೊಂಡು ಪಕ್ಕದ ಸರಪಳಿಯ ಜಿಡ್ಡಿಗೆ ಅಂಟುತ್ತವೆ, ಅದು ಮತ್ತೊಂದಕ್ಕೆ. ಹೀಗೆ ಬ್ಯಾಕ್ಟೀರಿಯಾದ ಒಂದು ತುದಿಯಲ್ಲಿ ಉಂಡೆ ಕಟ್ಟುತ್ತದೆ. ಇನ್‌ಕ್ಲೂಷನ್ ಬಾಡಿ ಎನ್ನುವುದು ಇದಕ್ಕೇ. ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಬಿಳಿಚಿದ, ಗಟ್ಟಿ ಪೆಲೆಟ್ ಕೂರುತ್ತದೆ. ಡಿಟರ್ಜೆಂಟ್ ಹಾಕಿ ಎರಡು ಮೂರು ಸಲ ತೊಳೆದರೆ ಇನ್ನೂ ಬೆಳ್ಳಗಾಗುತ್ತದೆ. ಹೊಸದಾಗಿ ಲ್ಯಾಬಿಗೆ ಬಂದ ಹುಡುಗರು ಇದನ್ನು ಕಂಡೊಡನೆ ಮುಖ ಸಣ್ಣದು ಮಾಡಿಕೊಂಡು, ಕೆಲಸ ಕೆಟ್ಟಿತು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಪೆಲೆಟ್ಟಿನಲ್ಲಿ ಇರುವುದು ಬಹುಪಾಲು ನಮಗೆ ಬೇಕಾದ ಪ್ರೋಟೀನೇ. ಬ್ಯಾಕ್ಟೀರಿಯಾದ ಕಿಣ್ವಗಳು ಅದನ್ನು ಕಡಿದು ಹಾಕದಂತೆ ಉಂಡೆಯೇ ಕಾಪಾಡಿದೆ. ಅದರ ಅಕ್ಷರಗಳಲ್ಲಿ ಒಂದೂ ತಪ್ಪಿಲ್ಲ. ಇಲ್ಲದ್ದು ಆಕಾರ ಒಂದೇ.

ಉಂಡೆಯನ್ನು ಬಿಡಿಸಲು ಬಳಸುವ ವಸ್ತು ನಮ್ಮ ಜಿಲ್ಲೆಯ ಪ್ರತಿ ರೈತನ ಮನೆಯಲ್ಲೂ ಇದೆ. ಮಾಗಡಿಯಲ್ಲಿ ಹೊಲ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಇದನ್ನು ಹೇಳಿದಾಗ ಆತ ನಂಬಲೇ ಇಲ್ಲ.

"ಯೂರಿಯಾನ? ಗೋವಿನಜೋಳಕ್ಕ ಹಾಕೋ ಯೂರಿಯಾನ?"

"ಹೂಂ ಮಾವಾ, ಅದ. ನಿಮಗ ಬರೋದು ಬೇವಿನೆಣ್ಣಿ ಹಚ್ಚಿದ್ದು, ನಮಗ ಬರೋದು ಬೆಳ್ಳಗ, ಶುದ್ಧ."

"ಎಷ್ಟ ಹಾಕ್ತೀರಿ?"

"ಒಂದು ಲೀಟರಿಗೆ 480 ಗ್ರಾಂ."

ಮಾವ ಲೆಕ್ಕ ಹಾಕಿದ. 45 ಕೆ.ಜಿ.ಯ ಚೀಲ ನೂರು ಲೀಟರಿಗೂ ಸಾಲದು. "ಅಷ್ಟು ಹಾಕಿದ್ರ ಬೆಳಿ ಸುಟ್ಟ ಹೋಗತೈತಿ ಅಳಿಯಾ," ಎಂದ. ಸರಿಯಾದ ಮಾತು. ಅಷ್ಟು ಯೂರಿಯಾದಲ್ಲಿ ಯಾವ ಪ್ರೋಟೀನಿಗೂ ತನ್ನ ಆಕಾರ ಉಳಿಸಿಕೊಳ್ಳುವುದು ಕಷ್ಟ, ನಮಗೆ ಬೇಕಾಗಿರುವುದೂ ಅದೇ.

ಈ 480 ಗ್ರಾಂ ಲೆಕ್ಕದ ದ್ರಾವಣಕ್ಕೆ ಎಂಟು ಮೋಲಾರ್ ಯೂರಿಯಾ ಎನ್ನುತ್ತೇವೆ, ಅದನ್ನು ಮಾಡುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಬೀಕರಿನ ಅರ್ಧಕ್ಕೂ ಮೇಲೆ ಬಿಳಿ ಹರಳು, ಮೇಲೆ ನೀರು. ಕರಗತೊಡಗಿದಂತೆ ಅದು ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಬೀಕರನ್ನು ಹಿಡಿದ ಅಂಗೈ ಮರಗಟ್ಟುತ್ತದೆ, ಗಾಜಿನ ಹೊರಮೈಗೆ ಬೆವರು ಕಟ್ಟುತ್ತದೆ. ತಣ್ಣಗಾದಷ್ಟೂ ಕರಗುವುದು ನಿಧಾನ. ಬೇಗ ಆಗಲೆಂದು ಜೋರಾಗಿ ಕಾಯಿಸುವಂತಿಲ್ಲ, ಕಾಯಿಸಿದರೆ ಯೂರಿಯಾ ಒಡೆದು ಸಯನೇಟ್ ಹುಟ್ಟಿ ಪ್ರೋಟೀನಿಗೆ ಅಂಟಿ ಅದನ್ನು ಕೆಡಿಸುತ್ತದೆ. ಹಳೆಯ ದ್ರಾವಣವೂ ಬೇಡ, ಅವತ್ತಿನದು ಅವತ್ತೇ. ಕಾಯುತ್ತ ನಿಲ್ಲಬೇಕು. ಆಮೇಲೆ ಆ ಬಿಳಿ ಪೆಲೆಟ್ಟನ್ನು ಇದರಲ್ಲಿ ಕದಡಿದರೆ ಮೊದಲು ಸುಣ್ಣದ ನೀರಿನ ಬಣ್ಣ. ತಾಸು ಕಳೆಯುವುದರಲ್ಲಿ ಬಿಳುಪು ಹಿಂದೆ ಸರಿದು, ಟ್ಯೂಬಿನ ಆಚೆಗಿನ ಅಕ್ಷರ ಓದುವಷ್ಟು ತಿಳಿಯಾಗುತ್ತದೆ. ಗಂಟಾಗಿದ್ದ ಸರಪಳಿಗಳೆಲ್ಲ ಈಗ ಬಿಡಿಬಿಡಿ. ಯಾವುದಕ್ಕೂ ಆಕಾರವಿಲ್ಲ, ಯಾವುದಕ್ಕೂ ಕೆಲಸ ಗೊತ್ತಿಲ್ಲ. ಈ ತಿಳಿಯಾಗುವ ಗಳಿಗೆಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆಕಾರ ಮತ್ತೆ ಎಲ್ಲಿಂದ ಬರಬೇಕು? ಅಮೆರಿಕದ ಕ್ರಿಶ್ಚಿಯನ್ ಅನ್ಫಿನ್‌ಸೆನ್ ಇದಕ್ಕೆ ಉತ್ತರ ಕೊಟ್ಟು 1972ರಲ್ಲಿ ನೊಬೆಲ್ ಪಡೆದರು. ಆತ ಹಿಡಿದದ್ದು ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ. 124 ಅಮೈನೋ ಆಮ್ಲ, ಅದರಲ್ಲಿ ಎಂಟು ಸಿಸ್ಟೀನ್, ಅವು ಎರಡೆರಡಾಗಿ ಕೈಹಿಡಿದು ನಾಲ್ಕು ಗಂಟು. ಎಂಟರಿಂದ ನಾಲ್ಕು ಜೋಡಿಯನ್ನು 105 ಬಗೆಯಲ್ಲಿ ಮಾಡಬಹುದು, ಸರಿಯಾದದ್ದು ಒಂದೇ. ಯೂರಿಯಾದ ಜೊತೆ ಗಂಟು ಬಿಚ್ಚುವ ಮರ್ಕ್ಯಾಪ್ಟೊಎಥನಾಲನ್ನೂ ಹಾಕಿ ಎಲ್ಲ ಬಿಚ್ಚಿ, ಮತ್ತೆ ಎರಡನ್ನೂ ತೆಗೆದಾಗ ಕಿಣ್ವ ಆ ಒಂದನ್ನೇ ಹುಡುಕಿಕೊಂಡಿತು, ಕೆಲಸಕ್ಕೂ ನಿಂತಿತು. ಮಡಚುವ ವಿದ್ಯೆ ಸರಪಳಿಯ ಅಕ್ಷರಗಳಲ್ಲೇ ಬರೆದಿದೆ, ಹೊರಗಿನಿಂದ ಯಾರೂ ಕಲಿಸಬೇಕಿಲ್ಲ.

ಆದರೆ ಅನ್ಫಿನ್‌ಸೆನ್ನರ ಕಿಣ್ವ ಸೌಮ್ಯ ಸ್ವಭಾವದ್ದು. ಎಲ್ಲ ಪ್ರೋಟೀನೂ ಹಾಗಲ್ಲ. ಯೂರಿಯಾವನ್ನು ಒಮ್ಮೆಲೇ ತೆಗೆದರೆ ಮಡಚಿಕೊಳ್ಳುವುದಕ್ಕೆ ಮೊದಲೇ ಒಂದಕ್ಕೊಂದು ಅಂಟಿ ಮತ್ತೆ ಬಿಳಿ ಉಂಡೆ. ನೂರು ಪಟ್ಟು ನೀರಿಗೆ ಹನಿಸಿ ದೂರದೂರ ಇಡಬಹುದು, ಆಗ ಲೀಟರುಗಟ್ಟಲೆ ನೀರಿನಲ್ಲಿ ಚೂರೇ ಚೂರು ಪ್ರೋಟೀನನ್ನು ಹುಡುಕಬೇಕಾಗುತ್ತದೆ. ರೆಸಿನ್ ಎಂಬ ಪುಟ್ಟ ಕಣಗಳನ್ನು ತುಂಬಿದ ಕೊಳವೆ, ಅಂದರೆ ಕಾಲಂ, ಬೇಕಾಗುವುದು ಇಲ್ಲಿ. ಬೆಟಗೇರಿಯ ನೇಕಾರರ ಮನೆಯಲ್ಲಿ ಬಿಚ್ಚಿದ ನೂಲಿನ ಲಡಿಗಳನ್ನು ಯಾರೂ ಒಂದರ ಮೇಲೊಂದು ಎಸೆದು ಸುತ್ತಲು ಕೂರುವುದಿಲ್ಲ, ಒಂದೊಂದನ್ನೂ ಒಂದೊಂದು ಗೂಟಕ್ಕೆ ಸಿಕ್ಕಿಸಿಕೊಂಡೇ ಸುತ್ತುತ್ತಾರೆ. ಕಾಲಂನೊಳಗಿನ ರೆಸಿನ್ ಕಣಗಳ ಮೇಲೆ ಇರುವುದು ಅಂಥ ಗೂಟಗಳು. ಸರಪಳಿಯ ಒಂದು ತುದಿಗೆ ಆರು ಹಿಸ್ಟಿಡೀನ್ ಜೋಡಿಸಿಟ್ಟಿರುತ್ತೇವೆ, ರೆಸಿನ್ ಮೇಲಿನ ನಿಕ್ಕಲ್ ಅದನ್ನು ಹಿಡಿಯುತ್ತದೆ. ಈ ಹಿಡಿತಕ್ಕೆ ಪ್ರೋಟೀನಿನ ಆಕಾರ ಬೇಕಿಲ್ಲ, ಎಂಟು ಮೋಲಾರ್ ಯೂರಿಯಾದಲ್ಲೂ ಅದು ಬಿಡುವುದಿಲ್ಲ. ಒಂದು ಸರಪಳಿ ಒಂದು ಕಡೆ, ಇನ್ನೊಂದು ಅದರಿಂದ ದೂರ. ಕಾಲಂ ತುಂಬಾ ತುಂಬಿಸಬಾರದು, ಅಷ್ಟೇ. ಹಿಡಿಯುವಷ್ಟೂ ತುಂಬಿದರೆ ನೆರೆಹೊರೆ ಹತ್ತಿರವಾಗಿ ಹಳೆಯ ತಾಪತ್ರಯ ಶುರು. ಗೂಟಗಳು ಅರ್ಧಕ್ಕರ್ಧ ಖಾಲಿ ಉಳಿದರೂ ಚಿಂತೆಯಿಲ್ಲ, ನಾನು ಕಡಿಮೆಯೇ ಹಾಕುವವನು.

ನಿಕ್ಕಲ್ ತುಂಬಿದ ರೆಸಿನ್ನಿನ ಬಣ್ಣ ತಿಳಿ ನೀಲಿಹಸಿರು. ಬೆರಳುದ್ದದ ಕಾಲಂ. ಮೇಲಿನಿಂದ ಪಂಪು ಎರಡು ಬಾಟಲಿಗಳ ದ್ರವವನ್ನು ಬೆರೆಸಿ ಕಳಿಸುತ್ತದೆ, ಒಂದರಲ್ಲಿ ಯೂರಿಯಾ ಇದೆ, ಇನ್ನೊಂದರಲ್ಲಿ ಇಲ್ಲ. ಸಂಜೆ ಎಂಟು ಮೋಲಾರಿನಿಂದ ಶುರು ಮಾಡಿದರೆ ಬೆಳಗಿನ ಜಾವಕ್ಕೆ ಸೊನ್ನೆಗೆ ಇಳಿಯಬೇಕು. ಮೊದಲಿಗೇ ಕೋಲ್ಡ್ ರೂಮಿನಲ್ಲಿ ಇಟ್ಟರೆ ಯೂರಿಯಾ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಹೊರಗೆ ಆರಂಭಿಸಿ, ಆರು ಮೋಲಾರಿಗೆ ಇಳಿದ ಮೇಲೆ ಒಳಗೆ ಒಯ್ಯುವುದು ನನ್ನ ರೂಢಿ. ಎಲ್ಲಾದರೂ ಕೊಳವೆಯ ಕೀಲು ಸಡಿಲವಿದ್ದರೆ ಬೇರೆ ಯಾರೂ ಹೇಳಬೇಕಿಲ್ಲ, ಸೋರಿದ ಹನಿ ಒಣಗಿ ಅಲ್ಲಿ ಬಿಳಿ ಸೂಜಿಗಳು ಬೆಳೆದಿರುತ್ತವೆ. ರಾತ್ರಿಯಿಡೀ ಹನಿ ಬೀಳುತ್ತದೆ. ಯೂರಿಯಾ ಇಳಿದಂತೆ ಪ್ರತಿ ಸರಪಳಿಯೂ ತನ್ನ ಜಾಗದಲ್ಲೇ, ಯಾರ ಗೊಡವೆಯೂ ಇಲ್ಲದೆ, ಜಿಡ್ಡಿನ ಭಾಗವನ್ನು ಒಳಗೆ ಎಳೆದುಕೊಳ್ಳುತ್ತ ಮಡಚಿಕೊಳ್ಳುತ್ತದೆ. ಸಿಸ್ಟೀನ್ ಇದ್ದ ಪ್ರೋಟೀನಾದರೆ ಬಫರಿಗೆ ಎರಡು ಬಗೆಯ ಗ್ಲುಟಾಥಯೋನ್ ಸೇರಿಸುತ್ತೇವೆ, ತಪ್ಪು ಗಂಟು ಬಿದ್ದರೆ ಬಿಚ್ಚಿ ಬೇರೆ ಜೊತೆ ಹುಡುಕಲು ಅದು ಅವಕಾಶ ಕೊಡುತ್ತದೆ. ಬೆಳಿಗ್ಗೆ ಇಮಿಡಜೋಲ್ ಹರಿಸಿದರೆ ನಿಕ್ಕಲ್ ಕೈಬಿಡುತ್ತದೆ, ಮಡಚಿದ ಪ್ರೋಟೀನ್ ಕೆಳಗಿನ ಟ್ಯೂಬುಗಳಿಗೆ ಇಳಿಯುತ್ತದೆ. ಟ್ಯೂಬನ್ನು ಬೆಳಕಿಗೆ ಹಿಡಿದು ತಿಳಿಯಾಗಿದೆಯೇ ಎಂದು ನೋಡುವಾಗ ಉಸಿರು ತಾನಾಗಿ ನಿಲ್ಲುತ್ತದೆ. ಈ ನಿಧಾನವನ್ನು ಕಡಿಮೆ ಮಾಡುವ ಉಪಾಯಗಳು ಬೇಕಾದಷ್ಟಿವೆ, ಹಲವು ಪ್ರೋಟೀನಿಗೆ ಅವು ಸಾಲುತ್ತವೆ ಕೂಡ. ನನಗೆ ರಾತ್ರಿಯಿಡೀ ಯೂರಿಯಾ ನಿಧಾನ ಇಳಿಯುವ ಈ ಗ್ರೇಡಿಯೆಂಟೇ ಇಷ್ಟ.

ಕೇಂಬ್ರಿಡ್ಜಿನ ಕಿಯೋಶಿ ನಗಾಯಿ ಹಿಮೋಗ್ಲೋಬಿನ್ ಮಾಡಹೊರಟಾಗ ನಿಕ್ಕಲ್ ಕಾಲಂ ಇನ್ನೂ ಬಂದಿರಲಿಲ್ಲ. 1984ರಲ್ಲಿ ಅವರು ಥೋಗರ್‌ಸನ್ ಜೊತೆಗೂಡಿ ಬೀಟಾ ಸರಪಳಿಯನ್ನು ಇ. ಕೋಲೈಯಲ್ಲಿ ಮಾಡಿಸಿದ ದಾರಿ ಹೀಗಿತ್ತು. ಸರಪಳಿಯ ಮುಂದೆ ಒಂದು ವೈರಸ್ಸಿನ ಪ್ರೋಟೀನಿನ ತುಣುಕು, ನಡುವೆ ನಾಲ್ಕು ಅಕ್ಷರದ ಒಂದು ಗುರುತು. ರಕ್ತ ಹೆಪ್ಪುಗಟ್ಟಿಸುವ ಕೆಲಸದಲ್ಲಿರುವ ಫ್ಯಾಕ್ಟರ್ ಟೆನ್-ಎ ಕಿಣ್ವ ಆ ಗುರುತನ್ನು ಹಿಡಿದು ಅದು ಮುಗಿದೊಡನೆ ಕತ್ತರಿಸುತ್ತದೆ, ಬೀಟಾ ಸರಪಳಿಯ ಒಂದಕ್ಷರ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬ್ಯಾಕ್ಟೀರಿಯಾ ಇದನ್ನು ಉಂಡೆ ಕಟ್ಟಿಯೇ ಇಟ್ಟಿತು. ಉಂಡೆಯನ್ನು ತೊಳೆದು, ಯೂರಿಯಾದಲ್ಲಿ ಬಿಚ್ಚಿ, ಯೂರಿಯಾ ಇರುವಾಗಲೇ ಕಾಲಂನಲ್ಲಿ ಸೋಸಿ, ಯೂರಿಯಾ ಕಳೆದು, ಕಿಣ್ವದಿಂದ ಕತ್ತರಿಸಿ, ಕಡೆಗೆ ಹೀಮ್ ಮತ್ತು ಆಲ್ಫಾ ಸರಪಳಿಯನ್ನು ಜೊತೆಗಿಟ್ಟರು. ಬೀಟಾ ಒಂಟಿಯಾಗಿ ಮಡಚಿ ನಿಲ್ಲುವಂಥದ್ದಲ್ಲ. ಅದಕ್ಕೆ ಮಡಿಲಲ್ಲಿ ಹೀಮ್ ಬೇಕು, ಪಕ್ಕದಲ್ಲಿ ಆಲ್ಫಾ ಬೇಕು. ಅವೆರಡೂ ಸಿಕ್ಕಾಗ ಬಣ್ಣವೇ ಇಲ್ಲದ ಸರಪಳಿ ಕೆಂಪು ಹಿಮೋಗ್ಲೋಬಿನ್ ಆಯಿತು, ನಮ್ಮ ರಕ್ತದಲ್ಲಿರುವುದು ಹಿಡಿಯುವಂತೆಯೇ ಆಮ್ಲಜನಕ ಹಿಡಿಯಿತು. ಹಿಮೋಗ್ಲೋಬಿನ್ ಕಾಲಂನಲ್ಲಿ ಇಳಿಯುವುದನ್ನು ನೋಡಲು ಯಂತ್ರವೂ ಬೇಡ, ಬಿಳಿ ರೆಸಿನ್ನಿನ ನಡುವೆ ಕೆಂಪು ಪಟ್ಟಿಯೊಂದು ನಿಧಾನ ಕೆಳಗೆ ಸರಿಯುವುದು ಬರಿಗಣ್ಣಿಗೇ ಕಾಣುತ್ತದೆ.

ಇಷ್ಟು ದಾರಿ ಸವೆದ ಮೇಲೆ 1991ರಲ್ಲಿ ಬಾತಿನ ಸರದಿ. ಜೆಸೆನ್, ವೆಬರ್, ಫರ್ಮಿ, ಟೇಮ್, ಬ್ರೌನಿಟ್ಸರ್ ಎಂಬ ಐವರು ಮನುಷ್ಯರ ಹಿಮೋಗ್ಲೋಬಿನ್ನನ್ನೇ ತೆಗೆದುಕೊಂಡು, ಆಲ್ಫಾದ 119ನೆಯ ಪ್ರೋಲೀನನ್ನು ಮಾತ್ರ ಅಲನೀನ್ ಮಾಡಿ, ಇ. ಕೋಲೈಯಲ್ಲಿ ಬೆಳೆದು, ಮತ್ತೆ ಕೂಡಿಸಿ ನೋಡಿದರು. ಆಮ್ಲಜನಕದ ಮೇಲಿನ ಹಿಡಿತ ಏರಿತ್ತು. ಪಟ್ಟೆತಲೆ ಬಾತಿಗೂ ಬೂದು ಹೆಬ್ಬಾತಿಗೂ ನಡುವೆ ಎಷ್ಟು ಅಂತರವಿತ್ತೋ ಅದಕ್ಕಿಂತಲೂ ಹೆಚ್ಚು ಏರಿತ್ತು. ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಪ್ರಿಯ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದಲ್ಲಿ ವರ್ಷಪೂರ್ತಿ ಎತ್ತರದಲ್ಲೇ ಬದುಕುವ ಬಾತೊಂದಿದೆ. ಮಾಗಡಿಗೆ ಬರುವ ಹಕ್ಕಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಅದರಲ್ಲಿ ಆಲ್ಫಾದ 119 ಬದಲಾಗಿಲ್ಲ, ಅದಕ್ಕೆ ಎದುರಾಗಿ ಕೂರುವ ಬೀಟಾದ 55 ಬದಲಾಗಿದೆ. ಅಂದರೆ ಅದೇ ಸಂದಿ, ಆಚೆ ಕಡೆಯಿಂದ ಆಗಿದ್ದು. ಆ ಬದಲಾವಣೆಯನ್ನೂ ಅದೇ ಗುಂಪು ಮಾಡಿ ನೋಡಿತು, ಹರಳುಗಟ್ಟಿಸಿ ರಚನೆಯನ್ನೂ ತೆಗೆಯಿತು. ಸಂದಿಯ ಸುತ್ತ ಬಿಟ್ಟರೆ ಉಳಿದದ್ದೆಲ್ಲ ಇದ್ದಂತೆಯೇ ಇತ್ತು. ಪೆರುಟ್ಜ್ ಹೇಳಿದ ಮಾತು ನಿಂತಿತು. ಆಗ ಅವರಿಗೆ ವಯಸ್ಸು ಎಪ್ಪತ್ತರ ಮೇಲೆ, ಇದನ್ನು ಕಣ್ಣಾರೆ ಕಂಡರು.

ಇದೇ ಉಂಡೆ ಬಿಡಿಸುವ ವಿದ್ಯೆ ಆಸ್ಪತ್ರೆಗೂ ಹೋಗಿದೆ. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ಮನುಷ್ಯರ ಇನ್ಸುಲಿನ್ ಮಾರುಕಟ್ಟೆಗೆ ಬಂದಾಗ ಅದರ ಸರಪಳಿಗಳೂ ಹೀಗೇ ಉಂಡೆಯಾಗಿ ಸಿಕ್ಕಿದ್ದವು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಿಳಿರಕ್ತಕಣ ಕುಸಿದವರಿಗೆ ಕೊಡುವ ಜಿ-ಸಿಎಸ್‌ಎಫ್ ಕೂಡ ಇ. ಕೋಲೈಯಲ್ಲಿ ಉಂಡೆ ಕಟ್ಟುವ ಗುಣದ್ದು. ಆ ಬಗೆಯ ಔಷಧಿ ಫುಲ್ಫಿಲಾಕ್ಕೆ ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಕೂಡಿ 2018ರಲ್ಲಿ ಅಮೆರಿಕದ ಒಪ್ಪಿಗೆ ಪಡೆದವು. ಹುಬ್ಬಳ್ಳಿಯ ಕಿಮ್ಸ್, ಗದಗದ ಜಿಮ್ಸ್ ಆಸ್ಪತ್ರೆ ಎಂದು ಓಡಾಡುವ ನಮ್ಮ ಜನರ ಸೂಜಿಮದ್ದಿನ ಹಿಂದೆ ಇಂಥ ಬಿಳಿ ಪೆಲೆಟ್ ಇರುವುದನ್ನು ನೆನೆದರೆ ನನಗೆ ನನ್ನ ಕಸುಬಿನ ಮೇಲೆ ಮಮತೆ ಹೆಚ್ಚುತ್ತದೆ.

ಅದೇ 2018ರಲ್ಲಿ ಬಾತಿನ ಕಥೆಗೆ ಮುಂದಿನ ಅಧ್ಯಾಯವೂ ಸೇರಿತು. ವಿಜ್ಞಾನಿಗಳು ಮನುಷ್ಯರ ಹಿಮೋಗ್ಲೋಬಿನ್ ಬಿಟ್ಟು ಬಾತಿನ ಪೂರ್ವಜರಲ್ಲಿ ಇದ್ದಿರಬಹುದಾದ ಹಿಮೋಗ್ಲೋಬಿನ್ನನ್ನೇ ಮರಳಿ ಕಟ್ಟಿ, ಬದಲಾವಣೆಗಳನ್ನು ಒಂದೊಂದಾಗಿ ಸೇರಿಸಿ ನೋಡಿದರು. ಹೊಸ ಉಪಾಯಗಳಿಂದ ಈಗ ಇ. ಕೋಲೈ ಉಂಡೆ ಕಟ್ಟದೆ ಹಿಮೋಗ್ಲೋಬಿನ್ನನ್ನು ಮಡಚಿಯೇ ಕೊಡುತ್ತದೆ, ಕಾಲಂ ಮಾತ್ರ ತಪ್ಪಲಿಲ್ಲ. 119ನೆಯ ಜಾಗದ ಪಾಲು ದೊಡ್ಡದು ನಿಜ, ಆದರೆ ಆಲ್ಫಾದಲ್ಲಿಯ ಇನ್ನೆರಡು ಬದಲಾವಣೆಗಳಿಗೂ, 18ನೆಯದಕ್ಕೂ 63ನೆಯದಕ್ಕೂ, ಅದರಲ್ಲಿ ಪಾಲಿದೆ ಎಂದು ತಿಳಿಯಿತು. ಬರಿ ರಕ್ತವೇ ಎಲ್ಲವನ್ನೂ ಮಾಡುವುದಿಲ್ಲ. ಈ ಹಕ್ಕಿಯ ಹಾರುವ ಸ್ನಾಯುವಿನಲ್ಲಿ ರಕ್ತನಾಳಗಳು ದಟ್ಟ, ಪುಪ್ಪುಸ ದೊಡ್ಡದು.

ಇದನ್ನೆಲ್ಲ ಮಾವನಿಗೆ ಹೇಳಿದ್ದು ಹಿಂಗಾರಿ ಕಡಲೆ ಗೇಣುದ್ದ ಬೆಳೆದಿದ್ದ ಹೊತ್ತಿನಲ್ಲಿ. ಬಾತುಗಳು ಹಗಲಿಡೀ ಕೆರೆಯಲ್ಲಿ ತೇಲಿ, ಕತ್ತಲಾಗುತ್ತಲೇ ಹೊಲಗಳಿಗೆ ಇಳಿಯುತ್ತವೆ. ಸುತ್ತಲಿನ ರೈತರಿಗೆ ಅದರಿಂದ ನಷ್ಟವಿದೆ, ಆದರೂ ಮಾಗಡಿಯವರು ಅವನ್ನು ಹೊಡೆದವರಲ್ಲ. ಮಾವ ಸಂದಿ, ಸರಪಳಿ ಎಲ್ಲವನ್ನೂ ಕೇಳಿಸಿಕೊಂಡು ತುದಿ ಕಡಿದಿದ್ದ ಒಂದು ಗಿಡವನ್ನು ಬಗ್ಗಿ ನೋಡಿದ.

"ರಕ್ತದಾಗ ಅಷ್ಟ ಕಸುವಿದ್ರ ನಮ್ಮ ಕಡ್ಲಿ ಯಾಕ ಬೇಕೋ ಅವಕ್ಕ?"

"ರಕ್ತ ಗಾಳಿ ಹೊರತೈತಿ ಮಾವಾ, ಅಷ್ಟ. ಸುಡಾಕ ಕೊಬ್ಬು ಬೇಕಲ್ಲ. ಮಾರ್ಚಿನ್ಯಾಗ ಹೊಳ್ಳಿ ಹೋಗುವಾಗ ಬೇಕಾಗೋ ಕೊಬ್ಬು ಇಲ್ಲೇ ತುಂಬಿಕೋಬೇಕು."

"ಹಂಗಾರ ಹಿಮಾಲಯ ಹತ್ತೂದು ನನ್ನ ಕಡ್ಲಿ ಮ್ಯಾಲ ಅನ್ನು."

ಹೌದು ಎಂದೆ. ಶೇಂಗಾ ಹೊಲದವರದೂ ಪಾಲಿದೆ ಎಂದೆ. ಮಾವ ಅದನ್ನು ಒಪ್ಪಲಿಲ್ಲ. ಈ ವರ್ಷ ಶೇಂಗಾ ಕಿತ್ತಾದ ಮೇಲೆಯೇ ಅವು ಬಂದದ್ದು, ಆಯ್ದುಳಿದ ಕಾಳಿಗೆ ಲೆಕ್ಕವಿಲ್ಲ, ಎಳೆ ಕಡಲೆಗೆ ಮಾತ್ರ ಲೆಕ್ಕ ಎಂದು ವಾದಕ್ಕೆ ನಿಂತ.